ಕಪಾಟಿನಲ್ಲೇ ಉಳಿದ ಟ್ರಯಲ್: ಒಂದು ಪ್ರಕರಣ ಅಧ್ಯಯನ

ಆಪರೇಷನ್ ನಂತರದ ನೋವಿಗೆ ಕೊಡುವ ಒಂದು ಮಾತ್ರೆಯ ಬಗ್ಗೆ ನಾವು ನಾಲ್ಕು ಜನ ಸೇರಿ ಮಾಡಿದ ಪರಿಶೀಲನೆಯ ಪ್ರಕರಣ ಇದು. ಮಾತ್ರೆ, ಆಸ್ಪತ್ರೆ, ಜರ್ನಲ್, ಜನ, ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರು ಯಾವ ಹಂತದಲ್ಲಿ ಏನು ನಿರ್ಧಾರ ಮಾಡಿದರು ಎನ್ನುವುದನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅದೇ ಅಲ್ವಾ.

ಹಿನ್ನೆಲೆ

ಆಪರೇಷನ್ ಆಗಿ ಗಾಯ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿದುಬಿಡುತ್ತದೆ. ಹೊಲಿಗೆ ಬಿಚ್ಚಿ ಆಗಿರುತ್ತದೆ, ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ಆದರೂ ಬಟ್ಟೆ ತಗುಲಿದರೆ ಸಾಕು, ಉರಿ. ಆಪರೇಷನ್‌ಗೆ ಮುಂಚೆಯೇ ಒಂದು ಮಾತ್ರೆ ಶುರು ಮಾಡಿ, ಆಮೇಲೂ ಕೆಲವು ದಿನ ಮುಂದುವರಿಸಿದರೆ ಈ ನೋವು ಬರದಂತೆ ತಡೆಯಬಹುದು ಎಂಬ ನಂಬಿಕೆ ವೈದ್ಯರಲ್ಲಿ ಬೆಳೆದಿತ್ತು. ಅದನ್ನು ನಮ್ಮ ಆಸ್ಪತ್ರೆಯ ಚಿಕಿತ್ಸಾ ಸೂಚಿಯಲ್ಲಿ ಸೇರಿಸಬೇಕೋ ಬೇಡವೋ ಎಂದು ನೋಡುವ ಕೆಲಸ ನಮ್ಮ ಪಾಲಿಗೆ ಬಂತು. ತಂಡದಲ್ಲಿ ಇದ್ದವರು ಅರಿವಳಿಕೆ ತಜ್ಞರಾದ ಅಧ್ಯಕ್ಷರು, ಒಬ್ಬ ಸರ್ಜನ್, ವಾರ್ಡಿನ ಹಿರಿಯ ನರ್ಸ್, ಮತ್ತೆ ಅಂಕಿ ಅಂಶ ನೋಡಿಕೊಳ್ಳುವ ನಾನು.

ಡೇಟಾಬೇಸ್‌ಗಳಲ್ಲಿ ಹುಡುಕಿದಾಗ ಒಂಬತ್ತು ಟ್ರಯಲ್‌ಗಳ ಪೇಪರ್ ಸಿಕ್ಕವು. ಎಲ್ಲವೂ ಪ್ಲಸೀಬೊ ಜೊತೆ ಹೋಲಿಸಿದ್ದವು, ಅಂದರೆ ಅರ್ಧ ರೋಗಿಗಳಿಗೆ ನಿಜವಾದ ಮಾತ್ರೆ, ಉಳಿದ ಅರ್ಧಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಎಂಟು ಪೇಪರ್‌ಗಳು ಮಾತ್ರೆ ಕೆಲಸ ಮಾಡುತ್ತದೆ ಎಂದವು. ಒಂಬತ್ತನೆಯದು ‘ಲಾಭದ ಕಡೆಗೆ ಒಲವಿದೆ’ ಎಂದು ಬರೆದಿತ್ತು. ನಾನು ಒಂಬತ್ತನ್ನೂ ಕೂಡಿಸಿ ಮೆಟಾ ಅನಾಲಿಸಿಸ್ ಮಾಡಿದೆ, ಅಂದರೆ ಎಲ್ಲದರ ಅಂಕಿಗಳನ್ನು ಸೇರಿಸಿ ಒಂದೇ ಉತ್ತರ ತೆಗೆಯುವ ಲೆಕ್ಕ. ಉತ್ತರ ಸ್ಪಷ್ಟವಾಗಿತ್ತು. ‘ಎಲ್ಲ ರೋಗಿಗಳಿಗೂ ಕೊಡಬಹುದು’ ಎಂಬ ವಾಕ್ಯವನ್ನು ಕರಡಿನಲ್ಲಿ ನಾನೇ ಟೈಪ್ ಮಾಡಿದೆ. ಅಂತಿಮ ಸಭೆಗೆ ಎರಡು ವಾರ ಉಳಿದಿತ್ತು.

ವಾರ್ಡಿನಿಂದ ಬಂದ ಪ್ರಶ್ನೆ

ಕರಡು ಓದಿದ ಹಿರಿಯ ನರ್ಸ್ ಅಧ್ಯಕ್ಷರನ್ನು ಕೇಳಿದರು: ‘ಸರ್, ಪೇಪರ್‌ನಲ್ಲಿ ಇಷ್ಟು ಜನಕ್ಕೆ ಗುಣ ಆಗಿದೆ. ನಮ್ಮ ಸರ್ಜನ್‌ಗಳಲ್ಲಿ ಇಬ್ಬರು ಇದನ್ನ ಆಗಲೇ ಬರೆದುಕೊಡ್ತಿದ್ದಾರೆ. ಆ ರೋಗಿಗಳಲ್ಲಿ ನನಗೆ ವ್ಯತ್ಯಾಸ ಯಾಕೆ ಕಾಣ್ತಿಲ್ಲ? ವಯಸ್ಸಾದವರು ಮಂಕಾಗಿ ಮಲಗಿರೋದು ಮಾತ್ರ ಕಾಣುತ್ತೆ.’

ಒಬ್ಬರ ಅನುಭವವನ್ನು ಒಂಬತ್ತು ಟ್ರಯಲ್‌ಗಳ ಮುಂದೆ ತೂಗಲು ಬರುವುದಿಲ್ಲ. ಕಣ್ಣಿಗೆ ಕಂಡದ್ದು ಮೋಸ ಮಾಡುತ್ತದೆ ಎಂದೇ ಟ್ರಯಲ್ ಮಾಡುವುದು. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲೇ ಮಾಡಬೇಕಿದ್ದ, ಗಡಿಬಿಡಿಯಲ್ಲಿ ಬಿಟ್ಟಿದ್ದ ಒಂದು ಕೆಲಸವನ್ನು ಆ ದಿನ ಸಂಜೆ ಮಾಡಿದೆ. ಫನೆಲ್ ಪ್ಲಾಟ್ ಬಿಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೊಂದು ಅಧ್ಯಯನಕ್ಕೂ ಒಂದು ಚುಕ್ಕಿ. ದೊಡ್ಡ ಅಧ್ಯಯನಗಳು ಮೇಲೆ, ಚಿಕ್ಕವು ಕೆಳಗೆ. ಮಾತ್ರೆಯಿಂದ ಲಾಭ ಜಾಸ್ತಿ ಕಂಡಷ್ಟೂ ಚುಕ್ಕಿ ಬಲಕ್ಕೆ ಹೋಗುತ್ತದೆ. ದೊಡ್ಡ ಅಧ್ಯಯನಗಳಲ್ಲಿ ಆಕಸ್ಮಿಕದ ಆಟ ಕಡಿಮೆ, ಹಾಗಾಗಿ ಮೇಲಿನ ಚುಕ್ಕಿಗಳು ಒತ್ತಾಗಿ ನಡುವೆ ಇರುತ್ತವೆ. ಚಿಕ್ಕ ಅಧ್ಯಯನಗಳು ಅದೃಷ್ಟ ಇದ್ದ ಹಾಗೆ ಎಡಕ್ಕೂ ಬಲಕ್ಕೂ ಚದುರುತ್ತವೆ. ಎಲ್ಲವೂ ಸರಿ ಇದ್ದರೆ ಚಿತ್ರ ಬೋರಲು ಹಾಕಿದ ಲಾಳಿಕೆಯ ಹಾಗೆ ಕಾಣಬೇಕು. ನನ್ನ ಪರದೆಯ ಮೇಲೆ ಲಾಳಿಕೆಯ ಅರ್ಧವೇ ಇರಲಿಲ್ಲ. ಕೆಳಗಿನ ಎಡ ಮೂಲೆ ಪೂರ್ತಿ ಖಾಲಿ. ಅಂದರೆ ‘ಚಿಕ್ಕ ಅಧ್ಯಯನ, ಲಾಭ ಕಾಣಲಿಲ್ಲ’ ಎಂದು ಹೇಳುವ ಒಂದೇ ಒಂದು ಪೇಪರ್ ನಮ್ಮ ಬಳಿ ಇರಲಿಲ್ಲ.

ಮಾತ್ರೆ ನಿಜವಾಗಲೂ ಕೆಲಸ ಮಾಡುತ್ತಿದ್ದರೂ, ಚಿಕ್ಕ ಅಧ್ಯಯನಗಳಲ್ಲಿ ಕೆಲವಾದರೂ ಆಕಸ್ಮಿಕವಾಗಿ ಸೋಲಲೇಬೇಕು. ಆ ಸೋತವು ಎಲ್ಲಿ ಹೋದವು?

ಪ್ರಕಟಣಾ ಪಕ್ಷಪಾತ ಎಂದರೆ

ಗೆದ್ದ ಅಧ್ಯಯನಗಳು ಪ್ರಕಟವಾಗಿ, ಸೋತವು ಬೆಳಕಿಗೆ ಬಾರದೆ ಉಳಿಯುವುದೇ ಪ್ರಕಟಣಾ ಪಕ್ಷಪಾತ. ಪ್ರಶ್ನೆ ಹಳೆಯದು. ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್ 1979ರಲ್ಲಿ ಇದಕ್ಕೆ ‘ಫೈಲ್ ಡ್ರಾಯರ್ ಸಮಸ್ಯೆ’ ಎಂದು ಹೆಸರಿಟ್ಟರು. ಅವರು ಕೊಟ್ಟ ಅತಿರೇಕದ ಉದಾಹರಣೆ ಹೀಗಿದೆ: ನೂರಕ್ಕೆ ಐದು ಅಧ್ಯಯನಗಳು ಆಕಸ್ಮಿಕವಾಗಿ ಗೆದ್ದವು, ಅವು ಜರ್ನಲ್‌ಗಳಲ್ಲಿ ಬಂದವು, ಏನೂ ಸಿಗದ ಉಳಿದ ತೊಂಬತ್ತೈದು ಡ್ರಾಯರ್‌ನಲ್ಲಿ ಉಳಿದವು. ಆಗ ಓದುಗರ ಕೈಗೆ ಬರುವುದೆಲ್ಲ ತಪ್ಪೇ.

ಅಷ್ಟು ಅತಿಯಾಗಿ ಆಗುವುದಿಲ್ಲ ಎಂದುಕೊಳ್ಳೋಣ. ಆದರೆ ಎಷ್ಟು ಆಗುತ್ತದೆ ಎನ್ನುವುದಕ್ಕೂ ಲೆಕ್ಕ ಇದೆ. 2008ರಲ್ಲಿ ಅಮೆರಿಕದ ಸಂಶೋಧಕರು 12 ಖಿನ್ನತೆ ಔಷಧಿಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ದಾಖಲಾಗಿದ್ದ 74 ಅಧ್ಯಯನಗಳನ್ನು ಜರ್ನಲ್‌ಗಳ ಜೊತೆ ಹೋಲಿಸಿದರು. ಎಫ್‌ಡಿಎ ಕಣ್ಣಿನಲ್ಲಿ 38 ಅಧ್ಯಯನಗಳು ಗೆದ್ದಿದ್ದವು, ಅವುಗಳಲ್ಲಿ 37 ಪ್ರಕಟವಾಗಿದ್ದವು. ಸೋತ ಅಥವಾ ಅನುಮಾನಾಸ್ಪದವಾದ 36ರಲ್ಲಿ 22 ಎಲ್ಲೂ ಬಂದಿರಲಿಲ್ಲ, 11 ಗೆದ್ದ ಹಾಗೆ ಕಾಣುವಂತೆ ಬರೆದು ಬಂದಿದ್ದವು, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು 3 ಮಾತ್ರ. ಜರ್ನಲ್ ಓದಿದ ವೈದ್ಯರಿಗೆ ನೂರಕ್ಕೆ 94 ಟ್ರಯಲ್ ಗೆದ್ದ ಹಾಗೆ ಕಂಡಿತು. ಎಫ್‌ಡಿಎ ಕಡತದಲ್ಲಿ ಗೆದ್ದದ್ದು ನೂರಕ್ಕೆ 51.

ಈ ಅಂಕಿಗಳು ನನಗೆ ಮೊದಲೇ ಗೊತ್ತಿದ್ದವು. ಪಾಠ ಮಾಡುವಾಗ ಎಷ್ಟೋ ಸಲ ಹೇಳಿದ್ದೇನೆ. ನನ್ನದೇ ಕರಡಿನಲ್ಲಿ ಅದೇ ಚಿತ್ರ ಎದ್ದು ಕೂತಾಗ ಮಾತ್ರ ಅದರ ಭಾರ ತಿಳಿಯಿತು.

ಖಾಲಿ ಮೂಲೆಗೆ ಏನು ಮಾಡುವುದು

ಮರುದಿನ ನಾಲ್ವರೂ ಕೂತೆವು. ಮೊದಲು ನನ್ನ ಅನುಮಾನಕ್ಕೆ ಮಿತಿ ಹಾಕಿಕೊಂಡೆ. ಲಾಳಿಕೆ ಓರೆಯಾಗಲು ಪ್ರಕಟಣಾ ಪಕ್ಷಪಾತ ಒಂದೇ ಕಾರಣ ಅಲ್ಲ. ಚಿಕ್ಕ ಅಧ್ಯಯನಗಳನ್ನು ಸಡಿಲವಾಗಿ ನಡೆಸಿರಬಹುದು, ಅವುಗಳಲ್ಲಿ ನೋವು ಜಾಸ್ತಿ ಇದ್ದ ರೋಗಿಗಳನ್ನೇ ಆರಿಸಿಕೊಂಡಿರಬಹುದು. ಓರೆಯನ್ನು ಅಳೆಯುವ ಎಗ್ಗರ್ ಪರೀಕ್ಷೆ 1997ರಿಂದ ಇದೆ. ಆದರೆ ಹತ್ತಕ್ಕಿಂತ ಕಡಿಮೆ ಅಧ್ಯಯನ ಇದ್ದರೆ ಇಂಥ ಪರೀಕ್ಷೆಗಳನ್ನು ನೆಚ್ಚಬೇಡಿ ಎನ್ನುವುದು ಇಂಥ ಪರಿಶೀಲನೆ ಮಾಡುವವರು ಅನುಸರಿಸುವ ಕಾಕ್ರೇನ್ ಕೈಪಿಡಿಯ ಸಲಹೆ. ನಮ್ಮ ಹತ್ತಿರ ಇದ್ದದ್ದು ಒಂಬತ್ತು.

ಸರ್ಜನ್ ಒಂದು ದಾರಿ ಸೂಚಿಸಿದರು. ‘ಟ್ರಿಮ್ ಅಂಡ್ ಫಿಲ್’ ಎಂಬ ವಿಧಾನ ಇದೆ. ಲಾಳಿಕೆಯ ಖಾಲಿ ಭಾಗದಲ್ಲಿ ಇರಬೇಕಿದ್ದ ಅಧ್ಯಯನಗಳನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ, ಆಮೇಲೆ ಲೆಕ್ಕ ಮತ್ತೆ ಮಾಡುತ್ತದೆ. ಹತ್ತು ನಿಮಿಷದ ಕೆಲಸ. ಸಭೆ ಮುಂದೂಡುವ ಅಗತ್ಯವೂ ಬರುವುದಿಲ್ಲ.

ನಾನು ಬೇಡ ಎಂದೆ. ಆ ವಿಧಾನ ಕೆಟ್ಟದ್ದು ಎಂದಲ್ಲ. ಉತ್ತರ ಎಷ್ಟು ಅಲುಗಾಡಬಹುದು ಎಂದು ಅಂದಾಜು ಮಾಡಲು ಅದು ಸಾಕು. ಆದರೆ ಊಹಿಸಿದ ಅಧ್ಯಯನದಲ್ಲಿ ರೋಗಿಗಳು ಇರುವುದಿಲ್ಲ. ಯಾರಿಗೆ ತಲೆ ಸುತ್ತಿತು, ಯಾರು ಬಿದ್ದರು ಎಂದು ಅದು ಹೇಳುವುದಿಲ್ಲ. ನಿಜವಾದ ಟ್ರಯಲ್‌ಗಳು ಎಲ್ಲೋ ಇದ್ದರೆ ಅವನ್ನು ಹುಡುಕುವುದು ಮೊದಲ ಕೆಲಸ.

ಅಧ್ಯಕ್ಷರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮೇಲಿನವರಿಗೆ ತಾರೀಖು ಕೊಟ್ಟಾಗಿತ್ತು. ಕೊನೆಗೆ, ‘ಒಂದು ತಿಂಗಳು ತಗೊಳ್ಳಿ. ಏನೂ ಸಿಗಲಿಲ್ಲ ಅಂದರೆ ಏನೂ ಸಿಗಲಿಲ್ಲ ಅಂತಲೇ ಬರೆಯೋಣ’ ಎಂದರು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಇದೇ ಎಂದು ನನಗೆ ಈಗಲೂ ಅನಿಸುತ್ತದೆ. ಆ ಒಂದು ತಿಂಗಳು ಸಿಗದೇ ಹೋಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ರಿಜಿಸ್ಟ್ರಿಯಲ್ಲಿ ಸಿಕ್ಕಿದ ನಾಲ್ಕು ಹೆಸರು

ಟ್ರಯಲ್ ಶುರು ಮಾಡುವ ಮುಂಚೆಯೇ ಅದನ್ನು ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ದಾಖಲಿಸಬೇಕು ಎಂಬ ನಿಯಮ ಬಂದದ್ದು ಇಂಥ ಹುಡುಕಾಟ ಸಾಧ್ಯವಾಗಲಿ ಎಂದೇ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2004ರಲ್ಲಿ, ದಾಖಲಾಗದ ಟ್ರಯಲ್‌ಗಳನ್ನು ತಮ್ಮ ಜರ್ನಲ್‌ಗಳಲ್ಲಿ ಪ್ರಕಟಿಸುವುದಿಲ್ಲ ಎಂದು ಘೋಷಿಸಿತು. ಆ ಮೇಲೆ ದಾಖಲಾತಿ ಒಮ್ಮೆಲೇ ಹೆಚ್ಚಿತು. ಟ್ರಯಲ್ ಸತ್ತರೂ ಅದರ ಹುಟ್ಟಿನ ದಾಖಲೆ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಹುಡುಕಾಟ ತಾಣದಲ್ಲಿ ಮಾತ್ರೆಯ ಹೆಸರು ಹಾಕಿ ಒಂದು ವಾರ ಕೂತೆ. ಮುಗಿದು ವರ್ಷಗಳಾದರೂ ಫಲಿತಾಂಶ ಎಲ್ಲೂ ಇಲ್ಲದ ನಾಲ್ಕು ಟ್ರಯಲ್ ಸಿಕ್ಕವು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಪ್ರಕಟವಾದ ಒಂಬತ್ತರಲ್ಲಿ ಎರಡು ಟ್ರಯಲ್‌ಗಳು ದಾಖಲಿಸುವಾಗ ‘ಮೂರು ತಿಂಗಳ ನಂತರದ ನೋವು’ ಮುಖ್ಯ ಅಳತೆ ಎಂದಿದ್ದವು. ಪೇಪರ್‌ನಲ್ಲಿ ಮುಖ್ಯ ಅಳತೆಯ ಜಾಗದಲ್ಲಿ ‘ಮೊದಲ ದಿನದ ನೋವು’ ಬಂದು ಕೂತಿತ್ತು. ಮೂರು ತಿಂಗಳ ಮಾತೇ ಇಲ್ಲ. ಇದೂ ಅದೇ ರೋಗದ ಇನ್ನೊಂದು ಮುಖ. ಇಡೀ ಟ್ರಯಲ್ ಮುಚ್ಚಿಡುವ ಬದಲು ಅದರೊಳಗಿನ ಬೇಡದ ಉತ್ತರವನ್ನಷ್ಟೇ ಬಿಡುವುದು.

ನಾಲ್ಕೂ ಟ್ರಯಲ್‌ಗಳ ಮುಖ್ಯಸ್ಥರಿಗೆ ಇಮೇಲ್ ಕಳಿಸಿದೆ. ಆ ಪತ್ರ ಸರಿ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಮೂರೇ ಸಾಲು. ‘ನಿಮ್ಮ ಟ್ರಯಲ್ ಮುಗಿದಿದ್ದರೂ ಫಲಿತಾಂಶ ಪ್ರಕಟವಾಗಿಲ್ಲ. ದಯವಿಟ್ಟು ಡೇಟಾ ಕಳಿಸಿ.’ ಓದಿದವರಿಗೆ ನೋಟಿಸ್ ಬಂದ ಹಾಗೆ ಅನಿಸಿರಬೇಕು. ಹತ್ತು ದಿನ ಕಾದರೂ ಯಾರ ಉತ್ತರವೂ ಇಲ್ಲ.

ಎರಡನೇ ಪತ್ರವನ್ನು ಹಿರಿಯ ನರ್ಸ್ ಜೊತೆ ಕೂತು ಬರೆದೆ. ನಾವು ಯಾರು, ಯಾವ ನಿರ್ಧಾರ ನಮ್ಮ ಮುಂದಿದೆ, ಅವರ ಟ್ರಯಲ್ ಅದನ್ನು ಹೇಗೆ ಬದಲಿಸಬಹುದು ಎಂದು ವಿವರಿಸಿದೆವು. ಇಡೀ ಡೇಟಾ ಕೇಳುವ ಬದಲು ಒಂದು ಪುಟದ ಖಾಲಿ ಕೋಷ್ಟಕ ಕಳಿಸಿದೆವು: ಎರಡು ಗುಂಪಿನಲ್ಲಿ ಎಷ್ಟು ಜನ, ಮೂರು ತಿಂಗಳಿಗೆ ಎಷ್ಟು ನೋವು, ಅಡ್ಡ ಪರಿಣಾಮ ಏನೇನು. ‘ಲಾಭ ಕಾಣಲಿಲ್ಲ ಎನ್ನುವ ಉತ್ತರವೂ ನಮಗೆ ಅಷ್ಟೇ ಬೇಕು’ ಎಂಬ ಸಾಲು ಸೇರಿಸಿದ್ದು ನರ್ಸ್.

ಈ ಸಲ ಒಂದು ವಿಳಾಸದಿಂದ ಪತ್ರ ವಾಪಸ್ ಬಂತು, ಅವರು ಕೆಲಸ ಬಿಟ್ಟಿದ್ದರು. ಒಬ್ಬರು ಡೇಟಾ ಇದ್ದ ಕಂಪ್ಯೂಟರ್ ಗುಜರಿಗೆ ಹೋಗಿದೆ, ನಕಲು ಇಲ್ಲ ಎಂದು ಬರೆದರು. ಅಷ್ಟು ರೋಗಿಗಳ ಮಾಹಿತಿ ಹೋದದ್ದು ಹೋಯಿತು, ಇನ್ನು ಯಾರಿಗೂ ಸಿಗುವುದಿಲ್ಲ. ಮೂರನೆಯವರು ಸಮ್ಮೇಳನದ ಪುಸ್ತಕದಲ್ಲಿ ಬಂದಿದ್ದ ಒಂದು ಪ್ಯಾರಾದ ಸಾರಾಂಶ ಕಳಿಸಿದರು. ನಾಲ್ಕನೆಯವರು ಫೋನ್ ನಂಬರ್ ಕೊಟ್ಟು, ಸಂಜೆ ಮಾತಾಡಬಹುದಾ ಎಂದು ಕೇಳಿದರು. ಅವರನ್ನು ಇಲ್ಲಿ ಮೇಡಂ ಎಂದಷ್ಟೇ ಕರೆಯುತ್ತೇನೆ.

ಯಾರೂ ಮುಚ್ಚಿಡದೆಯೇ ಮುಚ್ಚಿಹೋದದ್ದು

ಯಾವುದೋ ಕಂಪನಿಯ ಒತ್ತಡ ಇದ್ದಿರಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಹಾಗೇನೂ ಇರಲಿಲ್ಲ. ಆಸ್ಪತ್ರೆಯ ಸ್ವಂತ ದುಡ್ಡಿನಲ್ಲಿ ನಡೆದ ಟ್ರಯಲ್ ಅದು. ನಮ್ಮ ಒಂಬತ್ತರಲ್ಲಿ ಅತಿ ದೊಡ್ಡದಕ್ಕಿಂತಲೂ ದೊಡ್ಡದು. ಅಚ್ಚುಕಟ್ಟಾಗಿ ನಡೆದಿತ್ತು. ಮುಗಿದು ಆರು ವರ್ಷವಾಗಿತ್ತು.

ಮೇಡಂ ಹೇಳುತ್ತಾ ಹೋದರು. ಫಲಿತಾಂಶ ಬಂದ ದಿನ ವಿಭಾಗದ ಸಭೆಯಲ್ಲಿ ತೋರಿಸಿದರಂತೆ. ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಹಿರಿಯರೊಬ್ಬರು, ಡೇಟಾ ಇನ್ನೊಂದು ಸಲ ನೋಡಿ, ಹೆಂಗಸರಲ್ಲಿ ಬೇರೆ, ವಯಸ್ಸು ಕಡಿಮೆ ಇದ್ದವರಲ್ಲಿ ಬೇರೆ ಮಾಡಿ ನೋಡಿ, ಎಲ್ಲಾದರೂ ಏನಾದರೂ ಸಿಗುತ್ತದೆ ಎಂದರು. ಮೇಡಂ ಒಪ್ಪಲಿಲ್ಲ. ಮೊದಲೇ ಯೋಜಿಸದ ಭಾಗಗಳನ್ನು ಆಮೇಲೆ ಕತ್ತರಿಸುತ್ತಾ ಹೋದರೆ ಯಾವುದಾದರೂ ಒಂದು ತುಂಡಿನಲ್ಲಿ ಆಕಸ್ಮಿಕವಾಗಿ ಲಾಭ ಕಾಣಿಸಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವರ ನಿಲುವು ನೂರಕ್ಕೆ ನೂರು ಸರಿ. ಆದರೆ ಆ ನಿಲುವಿನಿಂದಲೇ ಪೇಪರ್ ‘ಆಕರ್ಷಕ’ವಾಗುವ ದಾರಿಯೂ ಮುಚ್ಚಿತು.

ಒಂದು ಜರ್ನಲ್‌ಗೆ ಕಳಿಸಿದರು. ಕೆಲವೇ ದಿನದಲ್ಲಿ, ನಮ್ಮ ಓದುಗರಿಗೆ ಆಸಕ್ತಿ ಇರಲಾರದು ಎಂದು ವಾಪಸ್ ಬಂತು. ಇನ್ನೊಂದಕ್ಕೆ ಕಳಿಸೋಣ ಎಂದುಕೊಂಡರು. ಅಷ್ಟರಲ್ಲಿ ಲೆಕ್ಕ ಮಾಡಿದ್ದವರು ಬೇರೆ ಕಡೆ ಹೋದರು. ಟ್ರಯಲ್‌ಗೆ ಓಡಾಡಿದ್ದ ಸ್ನಾತಕೋತ್ತರ ವಿದ್ಯಾರ್ಥಿಗೆ ಬೇಗ ಒಂದು ಪೇಪರ್ ಬೇಕಿತ್ತು, ಬೇರೆ ವಿಷಯ ಹಿಡಿದರು. ಮೇಡಂಗೆ ವಿಭಾಗದ ಜವಾಬ್ದಾರಿ ಬಂತು. ‘ಈ ರಜೆಯಲ್ಲಿ ಬರೆಯೋಣ, ಮುಂದಿನ ರಜೆಯಲ್ಲಿ ಬರೆಯೋಣ ಅಂತ ಆಯ್ತು. ಬರೆಯೋದು ಬೇಡ ಅಂತ ಯಾರೂ ಯಾವತ್ತೂ ಹೇಳಲಿಲ್ಲ’ ಎಂದರು.

ಕೇಳುತ್ತಾ ನನಗೆ ಎರಡು ಹಳೆಯ ಅಧ್ಯಯನಗಳು ನೆನಪಾದವು. ಅಪ್ರಕಟಿತ ಟ್ರಯಲ್‌ಗಳ ಬಗ್ಗೆ 1990ರ ದಶಕದ ಶುರುವಿನಲ್ಲಿ ಸಂಶೋಧಕಿ ಕೇ ಡಿಕರ್ಸಿನ್ ಮತ್ತು ಸಂಗಡಿಗರು ವಿಚಾರಿಸಿದಾಗ, ಬಹುಪಾಲು ಪೇಪರ್‌ಗಳು ಜರ್ನಲ್‌ನವರೆಗೂ ಹೋಗಿರಲೇ ಇಲ್ಲ ಎಂದು ತಿಳಿಯಿತು. ಸಂಶೋಧಕರೇ ಬರೆದಿರಲಿಲ್ಲ. 2002ರಲ್ಲಿ ಅಮೆರಿಕದ ವೈದ್ಯಕೀಯ ಜರ್ನಲ್ ಜಾಮಾ ತನಗೆ ಬಂದಿದ್ದ 745 ಹಸ್ತಪ್ರತಿಗಳನ್ನು ಪರೀಕ್ಷಿಸಿಕೊಂಡಾಗಲೂ, ಗೆದ್ದ ಪೇಪರ್‌ಗಳಿಗೆ ಗಮನಾರ್ಹವಾದ ಮೇಲುಗೈ ಕಾಣಲಿಲ್ಲ. ಸಂಪಾದಕರ ಕಡೆ ತಪ್ಪೇ ಇಲ್ಲ ಎನ್ನುವಂತಿಲ್ಲ, ಮೇಡಂಗೆ ಬಂದ ಉತ್ತರವೇ ಅದಕ್ಕೆ ಸಾಕ್ಷಿ. ಆದರೆ ಜಾಸ್ತಿ ಟ್ರಯಲ್‌ಗಳು ಸಾಯುವುದು ಅದಕ್ಕೂ ಮುಂಚೆ, ಬರೆಯಬೇಕಾದವರ ಮೇಜಿನ ಮೇಲೆ.

ಒಪ್ಪಿಗೆ ಪತ್ರದ ಒಂದು ಸಾಲು

ಆ ಮೊದಲ ಫೋನ್‌ನಲ್ಲಿ ಮೇಡಂ ಡೇಟಾ ಕೊಡಲು ಒಪ್ಪಲಿಲ್ಲ. ಅವರಿಗೆ ಎರಡು ಅಳುಕು. ಇಷ್ಟು ತಡವಾಗಿ ಹೊರಗೆ ಬಂದರೆ ಜನ ಏನೆನ್ನುತ್ತಾರೆ ಎನ್ನುವುದು ಒಂದು. ಜೊತೆಗಿದ್ದ ಹಿರಿಯರ ಅನುಮತಿ ಬೇಕು ಎನ್ನುವುದು ಇನ್ನೊಂದು. ನಾನು ಒತ್ತಾಯ ಮಾಡಲಿಲ್ಲ. ರೋಗಿಗಳ ಒಪ್ಪಿಗೆ ಪತ್ರದಲ್ಲಿ ಮಾಹಿತಿ ಹಂಚಿಕೊಳ್ಳಲು ಅವಕಾಶ ಇದೆಯಾ, ಅದೊಂದನ್ನು ನೋಡಿ ಹೇಳಿ ಎಂದಷ್ಟೇ ಕೇಳಿದೆ. ಅದು ನಿಜಕ್ಕೂ ಬೇಕಾದ ವಿಷಯ. ಅನುಮತಿ ಇಲ್ಲದಿದ್ದರೆ ಮುಂದೆ ಹೋಗುವ ಹಾಗೇ ಇರಲಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಕಪಾಟಿನ ಮುಂದೆ ನಿಂತೇ ಮಾತಾಡುತ್ತಿದ್ದರು, ಹಾಳೆ ಮಗುಚುವ ಸದ್ದು ಕೇಳುತ್ತಿತ್ತು. ಹೆಸರು ಅಳಿಸಿದ ಮಾಹಿತಿಯನ್ನು ಬೇರೆ ಸಂಶೋಧಕರಿಗೆ ಕೊಡಬಹುದು ಎಂಬ ಸಾಲು ಇತ್ತು. ಅದನ್ನು ಓದಿ ಹೇಳಿದರು. ಅದರ ಕೆಳಗಿನ ಸಾಲನ್ನೂ ಓದಿದರು: ‘ಈ ಅಧ್ಯಯನದಿಂದ ನಿಮಗೆ ನೇರ ಲಾಭ ಆಗದೇ ಇರಬಹುದು. ಆದರೆ ಮುಂದೆ ಇದೇ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಉಪಯೋಗವಾಗಲಿದೆ.’

ಓದಿ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, ‘ಈ ಸಾಲು ನಾನೇ ಬರೆದಿದ್ದು. ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ’ ಎಂದರು. ‘ಹಿರಿಯರ ಜೊತೆ ನಾನು ಮಾತಾಡ್ತೀನಿ. ಡೇಟಾ ಕಳಿಸ್ತೀನಿ.’

ನಾನು ಎಷ್ಟು ವಾದ ಮಾಡಿದ್ದರೂ ಈ ಕೆಲಸ ಆಗುತ್ತಿರಲಿಲ್ಲ. ಆ ಫಾರಂ ಅವರ ಕೈಗೆ ಬಂದದ್ದರಿಂದ ಆಯಿತು.

ಎ ಯಾರು, ಬಿ ಯಾರು

ಎಥಿಕ್ಸ್ ಕಮಿಟಿಯ ಅನುಮತಿ ಬೇಗ ಸಿಕ್ಕಿತು. ಹಿರಿಯರು ಎರಡು ದಿನ ಯೋಚಿಸಿ, ‘ತಡವಾಗಿದೆ, ಆದರೆ ಕೊಡಿ’ ಎಂದರಂತೆ. ಹಳೆಯ ಸಿಡಿಯಲ್ಲಿ ಡೇಟಾ ಇತ್ತು. ತೆರೆದು ನೋಡಿದರೆ ಗುಂಪುಗಳಿಗೆ ‘ಎ’, ‘ಬಿ’ ಎಂದಷ್ಟೇ ಹೆಸರು. ಯಾವುದು ನಿಜವಾದ ಮಾತ್ರೆ, ಯಾವುದು ಪ್ಲಸೀಬೊ ಎಂಬುದು ಡೇಟಾದಲ್ಲೂ ಇಲ್ಲ, ಪ್ರಿಂಟ್ ತೆಗೆದ ಫಲಿತಾಂಶದಲ್ಲೂ ಇಲ್ಲ.

ನೋವಿನ ಮಟ್ಟಿಗೆ ಇದು ಅಷ್ಟು ಅಡ್ಡಿಯಾಗುತ್ತಿರಲಿಲ್ಲ, ಎರಡು ಗುಂಪೂ ಹೆಚ್ಚು ಕಡಿಮೆ ಒಂದೇ. ಆದರೆ ಎ ಗುಂಪಿನಲ್ಲಿ ತಲೆಸುತ್ತು, ಮಂಕು ಎದ್ದು ಕಾಣುವಷ್ಟು ಜಾಸ್ತಿ ಇತ್ತು. ವಾರ್ಡಿನ ಟಿಪ್ಪಣಿಗಳ ಸ್ಕ್ಯಾನ್ ಕೂಡ ಇದ್ದವು. ಒಂದರಲ್ಲಿ ಯಾರೋ ನರ್ಸ್ ನೀಲಿ ಇಂಕಿನಲ್ಲಿ, ‘ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದರು, ಗಾಯ ಇಲ್ಲ, ಡಾಕ್ಟರಿಗೆ ತಿಳಿಸಿದೆ’ ಎಂದು ಬರೆದು ಸಮಯ ಹಾಕಿದ್ದರು. ನಮ್ಮ ತಂಡದ ಹಿರಿಯ ನರ್ಸ್ ಆ ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

ಎ ಎಂದರೆ ಮಾತ್ರೆ ಎಂದೇ ಮೇಡಂಗೆ ನೆನಪು. ಅಧ್ಯಕ್ಷರು ಒಪ್ಪಲಿಲ್ಲ. ‘ಆರು ವರ್ಷದ ನೆನಪಿನ ಮೇಲೆ ಔಷಧಿಗೆ ಅಪವಾದ ಹೊರಿಸುವ ಹಾಗಿಲ್ಲ’ ಎಂದರು. ನನಗೆ ಆಗ ಬೇಸರವಾಯಿತು, ಆದರೆ ಅವರ ಮಾತು ಸರಿ. ಲಾಭದ ವಿಷಯದಲ್ಲಿ ಎಷ್ಟು ಬಿಗಿಯಾಗಿದ್ದೆವೋ ಹಾನಿಯ ವಿಷಯದಲ್ಲೂ ಅಷ್ಟೇ ಬಿಗಿಯಾಗಿರಬೇಕು. ಕೊನೆಗೆ ಉತ್ತರ ಸಿಕ್ಕಿದ್ದು ಅವರ ಆಸ್ಪತ್ರೆಯ ಫಾರ್ಮಸಿಯ ಒಂದು ಹಳೆಯ ರಿಜಿಸ್ಟರ್‌ನಲ್ಲಿ. ಮಾತ್ರೆಗಳನ್ನು ಪೊಟ್ಟಣ ಕಟ್ಟಿದ್ದ ಫಾರ್ಮಸಿಸ್ಟ್ ನಿವೃತ್ತರಾಗಿದ್ದರು. ಆದರೆ ಒಂದೊಂದು ಪೊಟ್ಟಣದ ನಂಬರನ್ನೂ ಬರೆದಿಟ್ಟಿದ್ದರು. ಎ ಎಂದರೆ ಮಾತ್ರೆಯೇ.

ಏನಾಯಿತು

ಮೇಡಂ ಟ್ರಯಲ್ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ, ಮೂರು ತಿಂಗಳ ನೋವಿನಲ್ಲಿ ಕಂಡಿದ್ದ ಲಾಭ ಮೂರನೇ ಒಂದು ಭಾಗದಷ್ಟು ಕುಗ್ಗಿತು. ‘ಲಾಭವೇ ಇಲ್ಲದಿರಬಹುದು’ ಎನ್ನುವುದೂ ಈಗ ಲೆಕ್ಕದ ವ್ಯಾಪ್ತಿಯೊಳಗೆ ಬಂತು. ಸಮ್ಮೇಳನದ ಸಾರಾಂಶವೂ ‘ವ್ಯತ್ಯಾಸ ಇಲ್ಲ’ ಎಂದೇ ಹೇಳಿತ್ತು. ಅದರಲ್ಲಿ ಕೂಡಿಸಲು ಬೇಕಾದ ಅಂಕಿ ಇರಲಿಲ್ಲ, ಹಾಗಾಗಿ ಲೆಕ್ಕಕ್ಕೆ ಸೇರಿಸದೆ ಬರಹದಲ್ಲಿ ಮಾತ್ರ ಹೇಳಿದೆವು. ಕಳೆದುಹೋದ ಎರಡು ಟ್ರಯಲ್‌ಗಳ ವಿಷಯವನ್ನೂ ಬರೆದೆವು. ಅಡ್ಡ ಪರಿಣಾಮದ ಕಡೆ ಚಿತ್ರ ಇನ್ನೂ ಜಾಸ್ತಿ ಬದಲಾಯಿತು. ಪ್ರಕಟವಾದ ಒಂಬತ್ತರಲ್ಲಿ ಹೆಚ್ಚಿನವು ತಲೆಸುತ್ತನ್ನು ಒಂದು ಸಾಲಿನಲ್ಲಿ ಮುಗಿಸಿದ್ದವು.

‘ಎಲ್ಲ ರೋಗಿಗಳಿಗೂ ಕೊಡಬಹುದು’ ಎಂಬ ವಾಕ್ಯ ಹೋಯಿತು. ಅದರ ಜಾಗದಲ್ಲಿ ‘ರೂಢಿಯಾಗಿ ಕೊಡಬೇಡಿ. ಕೊಡಲೇಬೇಕೆನಿಸಿದರೆ ವಯಸ್ಸಾದವರಲ್ಲಿ ಬೀಳುವ ಅಪಾಯ ನೋಡಿ’ ಎಂದು ಬಂತು. ಸರ್ಜನ್‌ಗೆ ಪೂರ್ತಿ ಸಮಾಧಾನ ಇರಲಿಲ್ಲ. ಕೆಲವು ರೋಗಿಗಳಿಗೆ ಇದು ಒಳ್ಳೆಯದು ಮಾಡುತ್ತದೆ ಎಂದು ಅವರು ಈಗಲೂ ನಂಬುತ್ತಾರೆ. ಇರಬಹುದು. ಅವರ ಭಿನ್ನಾಭಿಪ್ರಾಯವನ್ನೂ ದಾಖಲಿಸಿದ್ದೇವೆ.

ಸೋತ ಟ್ರಯಲ್ ಜೊತೆಗೆ ಅದರ ಹಾನಿಯ ಲೆಕ್ಕವೂ ಮುಳುಗುತ್ತದೆ ಎನ್ನುವುದು ನನಗೆ ಈ ಪ್ರಕರಣದಲ್ಲಿ ಕೈಗೆ ತಾಗಿದ ವಿಷಯ. ವೈದ್ಯಕೀಯ ಚರಿತ್ರೆಯಲ್ಲಿ ಇದರ ಘೋರ ಉದಾಹರಣೆ ಲೋರ್ಕೈನೈಡ್. ಹೃದಯಾಘಾತದ ನಂತರ ಬಡಿತ ಏರುಪೇರಾಗದಂತೆ ತಡೆಯುವ ಮಾತ್ರೆ ಅದು. 1980ರಲ್ಲಿ 95 ರೋಗಿಗಳ ಒಂದು ಚಿಕ್ಕ ಟ್ರಯಲ್ ನಡೆಯಿತು. ಮಾತ್ರೆ ತೆಗೆದುಕೊಂಡವರಲ್ಲಿ 9 ಸಾವು, ಪ್ಲಸೀಬೊ ಗುಂಪಿನಲ್ಲಿ 1. ಇದು ಆಕಸ್ಮಿಕ ಇರಬೇಕು ಎಂದು ಸಂಶೋಧಕರು ಭಾವಿಸಿದರು. ವ್ಯಾಪಾರದ ಕಾರಣಕ್ಕೆ ಆ ಔಷಧಿಯನ್ನು ಕೈಬಿಟ್ಟರು, ಫಲಿತಾಂಶ ಪ್ರಕಟವಾಗಲಿಲ್ಲ. ಅದೇ ಬಗೆಯ ಬೇರೆ ಮಾತ್ರೆಗಳನ್ನು ವೈದ್ಯರು ವರ್ಷಗಟ್ಟಲೆ ಬರೆದುಕೊಟ್ಟರು. ಕೊನೆಗೆ ಕಾಸ್ಟ್ ಎಂಬ ದೊಡ್ಡ ಟ್ರಯಲ್‌ನಲ್ಲಿ, ಆ ಜಾತಿಯ ಎರಡು ಮಾತ್ರೆ ತೆಗೆದುಕೊಂಡ 755 ಮಂದಿಯಲ್ಲಿ 63 ಸಾವು, ಪ್ಲಸೀಬೊದ 743ರಲ್ಲಿ 26 ಎಂದು 1991ರ ವರದಿ ಹೇಳಿತು. ಹಳೆಯ ಟ್ರಯಲ್ ಬೆಳಕಿಗೆ ಬಂದದ್ದು 1993ರಲ್ಲಿ. ಇದು ಪ್ರಕಟಣಾ ಪಕ್ಷಪಾತದ ಉದಾಹರಣೆ ಎಂದು ಅದರ ಸಂಶೋಧಕರೇ ಅಲ್ಲಿ ಬರೆದರು. ಹಾಗೆ ಬರೆಯಲು ಧೈರ್ಯ ಬೇಕು.

ಈಗ ನಾವು ಬೇರೆ ರೀತಿ ಮಾಡುವುದು

ಎಲ್ಲಕ್ಕಿಂತ ಮೊದಲು, ರಿಜಿಸ್ಟ್ರಿ. ಈಗ ಯಾವ ಪರಿಶೀಲನೆಯಲ್ಲೂ ಪೇಪರ್ ಹುಡುಕುವ ದಿನವೇ ಅದನ್ನೂ ತೆರೆಯುತ್ತೇವೆ. ಅದನ್ನು ಕೊನೆಗೆ ಇಟ್ಟುಕೊಂಡದ್ದು ನನ್ನ ತಪ್ಪು. ನರ್ಸ್ ಕೇಳದೇ ಇದ್ದಿದ್ದರೆ ತೆರೆಯುತ್ತಲೇ ಇರಲಿಲ್ಲವೇನೋ.

ನಮ್ಮದೇ ಟ್ರಯಲ್‌ಗಳ ವಿಷಯದಲ್ಲೂ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಟ್ರಯಲ್ ಮುಗಿದ 12 ತಿಂಗಳೊಳಗೆ ಮುಖ್ಯ ಫಲಿತಾಂಶ ರಿಜಿಸ್ಟ್ರಿಗೆ ಹೋಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಜರ್ನಲ್ ಒಪ್ಪಲಿ ಬಿಡಲಿ, ರಿಜಿಸ್ಟ್ರಿಗೆ ಹಾಕಲು ಯಾರ ಮೆಚ್ಚುಗೆಯೂ ಬೇಕಿಲ್ಲ. ಪೇಪರ್‌ನ ಪೀಠಿಕೆ ಮತ್ತು ವಿಧಾನದ ಭಾಗವನ್ನು ಮೊದಲ ರೋಗಿ ಸೇರುವ ಮುಂಚೆಯೇ ಬರೆದಿಡುತ್ತೇವೆ. ಆಗ ಉತ್ತರ ಏನೇ ಬಂದರೂ ಉಳಿಯುವುದು ಅರ್ಧ ಕೆಲಸ. ಡೇಟಾ, ಗುಂಪುಗಳ ಗುಟ್ಟಿನ ಪಟ್ಟಿ, ಒಪ್ಪಿಗೆ ಪತ್ರದ ಮಾದರಿ, ಮೂರೂ ಒಂದೇ ಕಡೆ, ಇಬ್ಬರ ಜವಾಬ್ದಾರಿಯಲ್ಲಿ ಇರುತ್ತವೆ. ಒಬ್ಬರು ಕೆಲಸ ಬಿಟ್ಟರೂ ಟ್ರಯಲ್ ಅವರ ಜೊತೆ ಹೋಗಬಾರದು. ಸಾಧ್ಯ ಇರುವ ಕಡೆ ‘ರಿಜಿಸ್ಟರ್ಡ್ ರಿಪೋರ್ಟ್’ ಪದ್ಧತಿಯ ಜರ್ನಲ್ ಆರಿಸುತ್ತೇವೆ. ಅಲ್ಲಿ ಪ್ರಶ್ನೆ ಮತ್ತು ವಿಧಾನ ನೋಡಿಯೇ ಪೇಪರ್ ಒಪ್ಪಿಕೊಳ್ಳುತ್ತಾರೆ, ಫಲಿತಾಂಶ ಆಮೇಲೆ ಬರುತ್ತದೆ.

ಇಷ್ಟಾದರೂ ವಿದ್ಯಾರ್ಥಿಗಳ ಸಮಸ್ಯೆ ಹಾಗೇ ಇದೆ. ‘ವ್ಯತ್ಯಾಸ ಕಾಣಲಿಲ್ಲ’ ಎಂಬ ಪೇಪರ್‌ಗೂ ಬಡ್ತಿಯಲ್ಲಿ, ಪದವಿಯಲ್ಲಿ ಸಮಾನ ಬೆಲೆ ಸಿಗುವವರೆಗೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ವಿಭಾಗದಲ್ಲಿ ಈ ಬಗ್ಗೆ ಎರಡು ಸಲ ಮಾತಾಗಿದೆ, ತೀರ್ಮಾನ ಆಗಿಲ್ಲ.

ಮೇಡಂ ತಮ್ಮ ಟ್ರಯಲ್ ಬರೆದು ಮುಗಿಸಿದರು. ಎರಡು ಜರ್ನಲ್‌ಗಳು ಬೇಡ ಎಂದವು, ಮೂರನೆಯದು ತೆಗೆದುಕೊಂಡಿತು. ಯಾಕೆ ಆರು ವರ್ಷ ತಡವಾಯಿತು ಎಂದು ಚರ್ಚೆಯ ಭಾಗದಲ್ಲಿ ಮುಚ್ಚುಮರೆ ಇಲ್ಲದೆ ಒಂದು ಪ್ಯಾರಾ ಬರೆದಿದ್ದಾರೆ. ಪೊಟ್ಟಣ ಕಟ್ಟಿದ ಫಾರ್ಮಸಿಸ್ಟ್‌ಗೆ ಕೃತಜ್ಞತೆ ಹೇಳಿದ್ದಾರೆ.

ಕಳೆದ ವಾರ ಮತ್ತೆ ಫೋನ್ ಮಾಡಿದ್ದರು. ಅದೇ ಕಪಾಟಿನಲ್ಲಿ ಇನ್ನೂ ಎರಡು ಟ್ರಯಲ್‌ಗಳ ಫೈಲ್ ಇವೆಯಂತೆ. ಒಂದನ್ನು ಬರೆಯಲು ಶುರು ಮಾಡಿದ್ದಾರೆ. ಇನ್ನೊಂದರಲ್ಲಿ ಎ ಯಾವುದು, ಬಿ ಯಾವುದು ಎಂಬ ಹಾಳೆ ಇನ್ನೂ ಸಿಕ್ಕಿಲ್ಲ. ಫಾರ್ಮಸಿಯವರು ಹಳೆಯ ರಿಜಿಸ್ಟರ್‌ಗಳನ್ನು ಅಟ್ಟದಿಂದ ಇಳಿಸಿ ನೋಡುತ್ತಿದ್ದಾರೆ.